ನಾಕನೇ ಬದಿ

ಗೇಟ್ ಎಲ್ಲದ ಅಂತ ಕೇಳಿದ್ಲು,
ಸ್ಕೂಟರ್ ಮ್ಯಾಲಿಂದ ಇಳೀಲಾರದೇ.

ಗೇಟಿಲ್ಲ. ಟಿಕೀಟಿಲ್ಲ.
ಒಂದು ಹಸರು ಬೋರ್ಡಿತ್ತು, ಅದರ ಮ್ಯಾಲ
ಬೋರ್‌ವೆಲ್ಲಿನವರು ತಮ್ಮ ಫೋನ್ ನಂಬರ್ ಬರದಿದ್ರು.
ತಪ್ಪು ನಂದೇ. ದನದ ಡಾಕ್ಟರ್ ಕಾಲೇಜಿನ್ಯಾಗ
ಸ್ಲೈಡು ತೊಳಿಯೋ ಪ್ರಭುದಾಸ, ನಾನು,
ಬಾಯಿ ತಡೀಲಾರದೇ ಹೇಳಿದ್ದೆ:
ನಮ್ಮ ಬೀದರಿನ್ಯಾಗೂ ಅದಾವ ಕಾಡಪ್ರಾಣಿ,
ಊರ ಅಂಚಿಗೇ. ಬರ್ರಿ, ತೋರಿಸ್ತೀನಿ.

ಹೆಸರು ನ್ಯಾಬೋಕೆ. ಲ್ಯಾಬಿನ್ಯಾಗ ಒಂದೇ ವಾರಕ್ಕ
ನ್ಯಾಬಕ್ಕ ಆದ್ಲು.
ಅಕ್ಕ ಅಂದ್ರೇನಂತ ಕೇಳಿ, ನಕ್ಕು,
ರೆಕಾರ್ಡ್ ಬುಕ್ಕಿನ ರಟ್ಟಿನ ಮ್ಯಾಲೂ ಹಂಗೇ ಬರಕೊಂಡ್ಲು.

ಆಕಿ ಊರು ನೈರೋಬಿ. ಆ ಊರಿನ ಅಂಚಿಗೂ ಒಂದು ಕಾಡು.
ಸಣ್ಣಾಕಿ ಇದ್ದಾಗ ಸಾಲಿಯವರು ಬಸ್ಸಿನ್ಯಾಗ ಒಯ್ದಿದ್ರಂತ.
ದೂರ ಇಪ್ಪತ್ತಂತಸ್ತಿನ ಕಟ್ಟಡ, ಅದರ ಮುಂದ ಜಿರಾಫಿ.
"ಯಾವುದು ಎತ್ತರ ಅಂತ ನಾವು ಜಗಳಾಡ್ತಿದ್ವಿ."
ಸಿಂಹ ಕಾಣಲಿಲ್ಲಂತ. ಬಾಲದ ತುದಿ ಕಂಡ್ತಂತ,
ಅದೂ ಗೆಳತಿಗೆ.
ಮೂರು ಬದಿ ತಂತಿ ಬೇಲಿ. ನಾಕನೇ ಬದಿ ಬಯಲು,
ಮಳಿ ಬಿದ್ರ ಪ್ರಾಣಿ ಹೊರಗ ಹೋಗಲಿಕ್ಕ,
ನೀರು ಬತ್ತಿದ್ರ ತಿರುಗಿ ಬರಲಿಕ್ಕ.
"ಈಗ ಅಲ್ಲೂ ಮನಿ ಎದ್ದಾವ," ಅಂದ್ಲು,
"ಅದರಾಗೊಂದು ನಮ್ಮ ಕಾಕಾಂದೇ."

ನಾವು ಕಾದ್ವಿ. ಕೆಂಪು ಜಂಬಿಟ್ಟಿ ನೆಲ, ಒಣ ಹುಲ್ಲು,
ಸುಣ್ಣ ಬಡದ ಕಲ್ಲು ಸಾಲಾಗಿ:
ಸೈಟ್ ನಂಬರ್ ನಲವತ್ತು, ನಲವತ್ತೊಂದು.
ಒಂದು ನಾಯಿ. ನಾಕು ಮ್ಯಾಕಿ.
ತಲಿ ಮ್ಯಾಲ ವಾಯುಪಡೆಯ ಹುಡುಗರು
ವಿಮಾನ ಕಲೀತಿದ್ರು, ಆಕಾಶ ಹರಕೊಂತ.
"ವಿಮಾನ ಅಂತೂ ನಮ್ಮೂರಂಗೇ ಅದಾವ," ಅಂದ್ಲು ನ್ಯಾಬಕ್ಕ.
ನನ್ನ ಮರ್ಯಾದಿ ಸ್ವಲ್ಪ ಉಳೀತು.

ಕಡ್ಲಿ ಹೊಲದಾಗಿಂದ ಒಬ್ಬ ಹುಡುಗ ಬಂದ,
ಕೈಯಾಗ ಎಣ್ಣಿ ಡಬ್ಬಿ, ಬಾರಿಸೋ ಕೋಲು.
ಹೆಸರು ಝರೆಪ್ಪ. ಆಕಿನ್ನ ಮ್ಯಾಲಿಂದ ಕೆಳಗ ನೋಡಿ
"ಹಬ್ಸಿಕೋಟದವರೇನ್ರಿ?" ಅಂದ.
ನಾ ಮೂಡಲ ಗುಡ್ಡದ ಕಡಿ ಕೈ ಮಾಡಿ ಹೇಳಿದೆ:
ಸುಲ್ತಾನರ ಕಾಲಕ್ಕ ಸಮುದ್ರ ದಾಟಿ ಬಂದ ಹಬ್ಸಿಗಳು,
ಅಲ್ಲೇ ಅದಾವ ಅವರ ಗೋರಿ.
ಹೇಳೂವಾಗ ನನ್ನ ದನಿ ಜರಾ ದಪ್ಪಾಗಿತ್ತು,
ತಪ್ಪಿಹೋದ ಬಳಗ ಹುಡುಕಿ ಕೊಟ್ಟವರಂಗ.
ಆಕಿ ಸಾವಕಾಶ ಅಂದ್ಲು: "ಪ್ರಭುದಾಸ,
ಅವರ ಊರು ನಮ್ಮೂರಿಗೆ
ನಿಮಗ ಕಾಬೂಲ್ ಇದ್ದಷ್ಟು ದೂರ."
ಆಮ್ಯಾಲ, ಸ್ವಲ್ಪ ಹೊತ್ತು ಬಿಟ್ಟು,
"ಆದ್ರೂ ಒಂದಿನ ಹೋಗೋಣು. ಹೂ ತಗೊಂಡು."

"ಶ್," ಅಂದ ಝರೆಪ್ಪ.

ನಲವತ್ತೆರಡನೇ ಸೈಟಿನ ಮ್ಯಾಲ, ಯಾವಾಗ ಬಂತೋ,
ಗಂಡು ಚಿಗರಿ. ಕರೀ ಬೆನ್ನು, ಬೆಳ್ಳನ ಹೊಟ್ಟಿ,
ಹಿಂಡಿದ ಬಟ್ಟಿಯಂಥ ಕೊಂಬು.
ಹಿಂದ ಹನ್ನೊಂದು ಹೆಣ್ಣು, ಮಣ್ಣಿನ ಬಣ್ಣದವು,
ಕಿವಿ ಅಲುಗಿದಾಗಷ್ಟೇ ಕಂಡವು.
ಡಬ್ಬಿ ಬಾರಿಸೋದು ಹುಡುಗನ ಕೆಲಸ.
ಬಾರಿಸಲಿಲ್ಲ.
ನ್ಯಾಬಕ್ಕ ಎಣಿಸ್ತಿದ್ಲು,
ನಮಗ ಬಾರದ ಭಾಷಾದಾಗ.

ಒಂದು ಹೆಣ್ಣು ಓಡ್ತು. ಬಯಲ ನಡುವ,
ಏನೂ ಇಲ್ಲದ ಕಡಿ, ಆಳೆತ್ತರ ಜಿಗೀತು.
ಹಿಂದಿಂದು ಅಲ್ಲೇ ಜಿಗೀತು. ಅದರ ಹಿಂದಿಂದೂ ಅಲ್ಲೇ.
ಕಡೀಗೆ ಗಂಡೂ.
"ಅಲ್ಲೇನದ?" ಅಂತ ಕೇಳಿದ್ಲು.
"ಏನಿಲ್ರಿ. ಹ್ವಾದ ವರ್ಷ ತಂತಿ ಇತ್ತು.
ಕಳ್ಳರು ಕಿತಗೊಂಡು ಹ್ವಾದ್ರು.
ಇವಕ್ಕ ಯಾರೂ ಹೇಳಿಲ್ಲ."

ಹೊತ್ತು ಮುಳುಗೂವಾಗ ತಿರುಗಿದ್ವಿ. ದಾರಿ ಅಲ್ಲೇ ಹಾಸಿ ಹೋಗಿತ್ತು.
ಆ ಜಾಗ ಬಂದಾಗ ನಾ ಸ್ಕೂಟರ್ ಜರಾ ಸ್ಲೋ ಮಾಡಿದೆ,
ಯಾಕಂತ ನನಗೂ ಗೊತ್ತಿಲ್ಲ.
ತಿರುಗಿ ನೋಡಿದ್ರ
ಹಿಂದ ಕುಂತ ನ್ಯಾಬಕ್ಕ
ಎರಡೂ ಕಾಲು ಮ್ಯಾಲೆತ್ತಿ ಹಿಡಿದಿದ್ಲು.